ರದ್ದಾದ ಪಟ್ಟಿ ಎಲ್ಲಿಗೆ ಹೋಗುತ್ತದೆ?

ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಕೆಲವು ಅಡತ್ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹೆಚ್ಚಿನವು ಬೇರೆಯವರು ಬರೆದಿಟ್ಟು ಹೋದವು. ಒಂದು ವಿಬಿ ಡಾಟ್ ನೆಟ್‌ನಲ್ಲಿ, ಇನ್ನೊಂದು ಪಿಎಚ್‌ಪಿ ಭಾಷೆಯಲ್ಲಿ; ಒಂದರ ಹಿಂದೆ ಎಸ್‌ಕ್ಯೂಲೈಟ್, ಮತ್ತೊಂದರ ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್. ಆದರೆ ಸೇವ್ ಬಟನ್ನಿನ ಮಗ್ಗುಲಲ್ಲೇ ಒಂದು ಡಿಲೀಟ್ ಬಟನ್ ಕೂತಿರುವುದು ಎಲ್ಲದರಲ್ಲೂ ಇದೆ. ಸೇವ್ ಒತ್ತಿದರೆ ಹಿಂದೆ ನೂರಾರು ಸಾಲಿನ ಕೋಡ್ ಓಡುತ್ತದೆ. ತೂಕ ಸೊನ್ನೆ ಇದೆಯೇ, ದರ ತುಂಬಿದ್ದಾರೆಯೇ, ರೈತರ ಖಾತೆ ಮೊದಲೇ ಇದೆಯೇ, ಹಮಾಲಿ (ಚೀಲ ಹೊತ್ತ ಕೂಲಿ) ಹಿಡಿದಿದ್ದಾರೆಯೇ ಎಂದು ಒಂದೊಂದನ್ನೂ ವಿಚಾರಿಸಿ ಒಳಗೆ ಬಿಡುತ್ತದೆ. ಡಿಲೀಟ್ ಒತ್ತಿದರೆ ‘ಖಚಿತವೇ?’ ಎಂದು ಒಂದು ಪ್ರಶ್ನೆ, ಆಮೇಲೆ ಒಂದೇ ಸಾಲಿನ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ಗೆ ಕೊಡುವ ಆಜ್ಞೆ. ದಾಖಲೆ ಒಳಗೆ ಬರುವಾಗ ಇಷ್ಟೆಲ್ಲ ಕೇಳುವ ನಾವು ಅದು ಹೊರಗೆ ಹೋಗುವಾಗ ಯಾಕೆ ಯಾರೆಂದೂ ಕೇಳುವುದಿಲ್ಲ? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿದೆ. ಇದನ್ನು ಕುಳಿತು ಯೋಚಿಸಲೇಬೇಕು ಅನ್ನಿಸಿದ್ದು ಒಂದು ಹತ್ತಿ ಸುಗ್ಗಿಯಲ್ಲಿ.

ಒಂದೇ ಸಂಖ್ಯೆ, ಇಬ್ಬರು ರೈತರು

ಗಂಜ್‌ನೊಳಗೆ ಟ್ರ್ಯಾಕ್ಟರ್ ತಿರುಗಿಸಲಿಕ್ಕೂ ಜಾಗ ಸಿಗದ ದಿನಗಳು. ಮಾನ್ವಿ ಕಡೆಯ ಹಿರಿಯ ರೈತರೊಬ್ಬರು ಬಾಕಿ ರೊಕ್ಕಕ್ಕೆಂದು ಅಂಗಡಿಗೆ ಬಂದು, ಅಂಗಿಯ ಒಳಜೇಬಿನಿಂದ ನಾಲ್ಕಾಗಿ ಮಡಚಿದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. ಪಟ್ಟಿ ಎಂದರೆ ಮಾಲಿನ ತೂಕ, ದರ, ಕಡಿತ ಬರೆದು ಅಂಗಡಿಯವರು ರೈತರಿಗೆ ಕೊಡುವ ಲೆಕ್ಕದ ಚೀಟಿ. ಕಂಪ್ಯೂಟರ್ ಮುಂದಿದ್ದ ಹುಡುಗ ಪಟ್ಟಿ ಸಂಖ್ಯೆ ಹೊಡೆದ. ಪರದೆಯ ಮೇಲೆ ಬಂದದ್ದು ದೇವದುರ್ಗ ಕಡೆಯ ಇನ್ನೊಬ್ಬರ ಹೆಸರು.

“ಹೆಸ್ರು ಬ್ಯಾರೆ ತೋರಸ್ಲಿಕ್ಕತ್ತದಲ್ರಿ ಕಾಕಾ ಇದು.”

“ಬ್ಯಾರೆ ಹೆಂಗ ಆತದಪ್ಪ? ಚೀಟಿ ಮ್ಯಾಲ ನನ್ನ ಹೆಸ್ರೇ ಅದ ನೋಡು. ನಿಮ್ಮ ಅಂಗಡೀ ಶಿಕ್ಕಾನೂ ಅದ.”

ಅಂಗಡಿಯ ಲೆಕ್ಕ ಬರೆಯುವ ಮುನೀಮ್ ಕಾಕಾ ಗದ್ದಿಗೆಯ ಮೇಲಿಂದ ಬಗ್ಗಿ ಚೀಟಿ ತೆಗೆದುಕೊಂಡರು. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಶಿಕ್ಕಾದ ಮೇಲೆ ಹೆಬ್ಬೆರಳು ಆಡಿಸಿದರು. ಪ್ರಿಂಟರ್ ನೋಡಲು ಹೋಗಿದ್ದ ನಾನು ಅಲ್ಲೇ ನಿಂತಿದ್ದೆ. “ತಮ್ಮಾ, ಚೀಟಿ ನಮ್ದೇ ಅದ. ಯಂತ್ರದಾಗಿಂದು ಎಲ್ಲಿ ಹೋತು, ಅದನ್ನ ಹುಡುಕು,” ಅಂದರು. ರೈತರಿಗೆ ಚಹಾ ತರಿಸಿದರು.

ಹುಡುಕಿದಾಗ ಸಿಕ್ಕಿದ್ದು ಹೀಗೆ. ಆ ದಿನ ಪಟ್ಟಿ ಪ್ರಿಂಟ್ ಆಗಿ ರೈತರ ಕೈ ಸೇರಿದ ಮೇಲೆ ಒಂದೆರಡು ಚೀಲದ ತೂಕ ತಪ್ಪಾಗಿ ಬರೆದದ್ದು ತಿಳಿದಿದೆ. ಸರಿಮಾಡಿ ಹೊಸದಾಗಿ ತೆಗೆಯೋಣ ಎಂದು ಹುಡುಗ ಡಿಲೀಟ್ ಒತ್ತಿದ್ದಾನೆ. ಅಷ್ಟರಲ್ಲಿ ದೇವದುರ್ಗದವರ ಮಾಲು ಬಂದಿದೆ, ಅವರ ಪಟ್ಟಿ ಮೊದಲು ತೆಗೆದಿದ್ದಾನೆ. ಗದ್ದಲದಲ್ಲಿ ಹಳೆಯದನ್ನು ಮತ್ತೆ ತೆಗೆಯುವುದು ಉಳಿದುಹೋಗಿದೆ. ಈ ಸಾಫ್ಟ್‌ವೇರ್‌ನಲ್ಲಿ ಪಟ್ಟಿ ಸಂಖ್ಯೆ ಎಂದರೆ ಎಸ್‌ಕ್ಯೂಲೈಟ್ ತಾನೇ ಕೊಡುವ ಇಂಟಿಜರ್ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಗುರುತಿಸುವ ಅಂಕಿ. ಆಟೋಇನ್‌ಕ್ರಿಮೆಂಟ್ ಎಂಬ ಪದ ಸೇರಿಸದೆ ಟೇಬಲ್ ಮಾಡಿದರೆ ಎಸ್‌ಕ್ಯೂಲೈಟ್ ಹೊಸ ಸಾಲಿಗೆ ಕೊಡುವುದು ಆ ಕ್ಷಣ ಟೇಬಲ್‌ನಲ್ಲಿರುವ ಅತಿ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿ. ಕೊನೆಯ ಸಾಲನ್ನೇ ಅಳಿಸಿದರೆ ಅದೇ ಸಂಖ್ಯೆ ಮುಂದಿನವರ ಪಾಲಿಗೆ ಬರುತ್ತದೆ. ಮಾನ್ವಿಯವರ ಸಂಖ್ಯೆ ದೇವದುರ್ಗದವರಿಗೆ ಹೋದದ್ದು ಹೀಗೆ.

ನನ್ನ ಹೊಟ್ಟೆ ಉರಿದದ್ದು ಅದರ ಮುಂದಿನದಕ್ಕೆ. ಹಮಾಲಿ, ತೂಕದ ಕೂಲಿ ಇವೆಲ್ಲ ಬೇರೆ ಟೇಬಲ್‌ನಲ್ಲಿ ಪಟ್ಟಿ ಸಂಖ್ಯೆಯ ಆಸರೆಯಲ್ಲಿ ಇರುತ್ತವೆ. ಬರೆದವರು ಅಲ್ಲಿ ಫಾರಿನ್ ಕೀ (ಒಂದು ಟೇಬಲ್‌ನ ಸಾಲನ್ನು ಇನ್ನೊಂದರ ಸಾಲಿಗೆ ಕಟ್ಟುವ ಕೊಂಡಿ) ಹಾಕಿದ್ದರು, ಹಮಾಲಿ ಸಾಲು ಇರುವ ತನಕ ಪಟ್ಟಿ ಅಳಿಸಬಾರದು ಎಂದು ರಿಸ್ಟ್ರಿಕ್ಟ್ ಕೂಡ ಬರೆದಿದ್ದರು. ಆದರೆ ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ತಪಾಸಣೆ ತಾನಾಗಿ ಚಾಲೂ ಇರುವುದಿಲ್ಲ. ಪ್ರತಿ ಕನೆಕ್ಷನ್ ತೆರೆದಾಗಲೂ ಪ್ರಾಗ್ಮಾ ಆಜ್ಞೆ ಕೊಟ್ಟು ಅದನ್ನು ಆನ್ ಮಾಡಬೇಕು. ಆ ಆಜ್ಞೆ ಕೋಡ್‌ನಲ್ಲಿ ಎಲ್ಲೂ ಇರಲಿಲ್ಲ. ಹೀಗಾಗಿ ಪಟ್ಟಿ ಹೋಯಿತು, ಹಮಾಲಿಯ ಸಾಲುಗಳು ದಿಕ್ಕಿಲ್ಲದೆ ಉಳಿದವು. ಅದೇ ಸಂಖ್ಯೆ ಮರಳಿ ಬಂದಾಗ ಅವು ಹೊಸ ಪಟ್ಟಿಗೆ ಹೋಗಿ ಅಂಟಿಕೊಂಡವು. ದೇವದುರ್ಗದ ರೈತರ ಲೆಕ್ಕದಲ್ಲಿ ಅವರದ್ದಲ್ಲದ ಚೀಲಗಳ ಹಮಾಲಿಯೂ ಕಡಿತವಾಗಿತ್ತು. ಒಬ್ಬರ ಮಾಲಿನ ದಾಖಲೆಯೇ ಇಲ್ಲ, ಇನ್ನೊಬ್ಬರ ರೊಕ್ಕ ಕಡಿಮೆ. ಪರದೆಯ ಮೇಲೆ ಮಾತ್ರ ಎಲ್ಲ ಕೂಡಿಕೆಯೂ ಸರಿಯಾಗಿ ಬರುತ್ತಿತ್ತು, ಯಾವ ಎರರ್ ಕೂಡ ಇಲ್ಲ.

ಕಾಕಾ ತೂಕದವರ ನೋಟ್‌ಬುಕ್ ತರಿಸಿ, ಆ ದಿನದ ಚೀಲಗಳನ್ನು ಒಂದೊಂದಾಗಿ ಗುರುತು ಹಾಕಿ ಕೂಡಿಸಿ, ಮಾನ್ವಿಯವರ ಲೆಕ್ಕ ಸಂಜೆಯೊಳಗೆ ಮುಗಿಸಿದರು. ದೇವದುರ್ಗದವರಿಗೆ ಫೋನ್ ಮಾಡಿ ಹೆಚ್ಚು ಹಿಡಿದದ್ದನ್ನು ತಿಳಿಸಿದರು. ಅವರಿಗೆ ಅದು ಗೊತ್ತೇ ಇರಲಿಲ್ಲ. ಮಾನ್ವಿಯವರ ಹತ್ತಿರ ಆ ಒಂದು ಕಾಗದ ಇರದಿದ್ದರೆ ಇಬ್ಬರದ್ದೂ ಹಾಗೇ ಮುಚ್ಚಿಹೋಗುತ್ತಿತ್ತು.

ಕಿರ್ದಿಯ ಪುಟ

ಲೆಕ್ಕ ಮುಗಿದ ಮೇಲೆ ಕಾಕಾ ತಮ್ಮ ಹಳೆಯ ಕಿರ್ದಿ (ದಿನದ ಲೆಕ್ಕದ ಪುಸ್ತಕ) ತೆಗೆದು ತೋರಿಸಿದರು. ಉದ್ದನೆಯ ಕೆಂಪು ಬಟ್ಟೆಯ ರಟ್ಟು, ಪ್ರತಿ ಹಾಳೆಗೂ ಅಂಕಿ. ತಪ್ಪಾದ ನಮೂದಿನ ಮೇಲೆ ಒಂದೇ ಒಂದು ಗೆರೆ, ಗೆರೆಯ ಕೆಳಗೆ ಹಳೆಯ ಅಂಕಿ ಸ್ಪಷ್ಟವಾಗಿ ಓದಲಿಕ್ಕೆ ಬರುತ್ತದೆ. ಪಕ್ಕದಲ್ಲಿ ಅವರ ಸಣ್ಣ ಸಹಿ, ಸರಿಯಾದದ್ದು ಯಾವ ಪುಟದಲ್ಲಿದೆ ಎಂಬ ಅಂಕಿ. ರಬ್ಬರ್, ಬಿಳಿ ಶಾಯಿ ಅವರ ಮೇಜಿನ ಮೇಲೆ ನಾನು ಕಂಡಿಲ್ಲ. “ತಪ್ಪು ಆತದ, ಅದರಾಗ ಏನಿಲ್ಲ. ಆದ್ರ ತಪ್ಪು ಆಗಿತ್ತು ಅನ್ನೋದೂ ಲೆಕ್ಕದಾಗ ಇರಬೇಕಲ್ಲ?” ಎಂದು ಕೇಳಿದರು. ಅವರು ಡೇಟಾಬೇಸ್ ಎಂಬ ಮಾತನ್ನೇ ಆಡಲಿಲ್ಲ. ಆದರೆ ನಾನು ಕಲಿತ ಯಾವ ತರಗತಿಯಲ್ಲೂ ಡಿಲೀಟ್ ಬಗ್ಗೆ ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಇದು ಬರೀ ಹಳೆಯ ರೂಢಿಯಾಗಿ ಉಳಿದಿಲ್ಲ, ಕಾನೂನೂ ಇದನ್ನೇ ಹೇಳುತ್ತದೆ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳಲ್ಲಿ 56ನೇ ನಿಯಮದ 8ನೇ ಉಪನಿಯಮವನ್ನು ಸಾಫ್ಟ್‌ವೇರ್ ಬರೆಯುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ನೋಂದಾಯಿತ ವ್ಯಾಪಾರಿ ತನ್ನ ಲೆಕ್ಕಪುಸ್ತಕದ ನಮೂದನ್ನು ಅಳಿಸಬಾರದು, ಕೆಡಿಸಬಾರದು, ಮೇಲೆ ತಿದ್ದಿ ಬರೆಯಬಾರದು. ತಪ್ಪಿದ್ದರೆ ಗೆರೆ ಎಳೆದು ದೃಢೀಕರಿಸಿ ಸರಿಯಾದದ್ದನ್ನು ಬರೆಯಬೇಕು. ಲೆಕ್ಕ ಕಂಪ್ಯೂಟರ್‌ನಲ್ಲಿದ್ದರೆ ತಿದ್ದಿದ, ಅಳಿಸಿದ ಪ್ರತಿ ನಮೂದಿನ ಲಾಗ್ ಇಡಬೇಕು ಎಂಬುದು ಅದರ ಸಾರ. ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ, ಪ್ರತಿ ಬದಲಾವಣೆಯನ್ನೂ ದಿನಾಂಕದ ಸಮೇತ ದಾಖಲಿಸುವ ಮತ್ತು ಆ ದಾಖಲಾತಿಯನ್ನು ಬಂದ್ ಮಾಡಲು ಬಾರದ ಲೆಕ್ಕದ ಸಾಫ್ಟ್‌ವೇರ್ ಕಡ್ಡಾಯ. ಗಂಜ್‌ನ ಅಡತ್ ಅಂಗಡಿ ಕಂಪನಿಯಲ್ಲ, ಆ ನಿಯಮ ಅದಕ್ಕೆ ತಟ್ಟುವುದಿಲ್ಲ. ಆದರೆ ಮಾಲು ತಂದ ರೈತರಿಗೆ ಅಂಗಡಿ ಯಾವ ನಮೂನೆಯದು ಎಂಬುದರಿಂದ ಆಗಬೇಕಾದದ್ದೇನು? ಅವರ ಚೀಲಗಳು ಲೆಕ್ಕದಲ್ಲಿ ಉಳಿಯಬೇಕು, ಅಷ್ಟೇ.

ಇಷ್ಟು ವರ್ಷ ಕೋಡ್ ಓದಿದ ಮೇಲೆ ನನಗೆ ಅನ್ನಿಸುವುದು ಇದು: ವ್ಯವಹಾರದ ಸಾಫ್ಟ್‌ವೇರ್‌ನಲ್ಲಿ ಡಿಲೀಟ್ ಆಜ್ಞೆ ಇರುವ ಬಹುಪಾಲು ಕಡೆ ನಡೆದ ಘಟನೆ ಬೇರೆಯೇ ಆಗಿರುತ್ತದೆ. ತೂಕ ತಿದ್ದುಪಡಿಯಾಗಿದೆ. ಖರೀದಿದಾರ ಮಾಲು ಒಲ್ಲೆ ಎಂದಿದ್ದಾನೆ. ರೈತರು ದರ ಒಪ್ಪದೆ ವಾಪಸ್ ಒಯ್ದಿದ್ದಾರೆ. ಒಂದೇ ಲಾಟ್ ಎರಡು ಸಲ ನಮೂದಾಗಿದೆ. ಈ ನಾಲ್ಕೂ ಬೇರೆ ಬೇರೆ ಸಂಗತಿಗಳು, ಪ್ರತಿಯೊಂದಕ್ಕೂ ಕಾರಣ ಇದೆ, ಮಾಡಿದವರಿದ್ದಾರೆ, ಸಮಯ ಇದೆ. ಡಿಲೀಟ್ ನಾಲ್ಕನ್ನೂ ಒಂದೇ ಥರ ಇಲ್ಲವಾಗಿಸುತ್ತದೆ. ವಾರದ ನಂತರ ಯಾರಾದರೂ ಕೇಳಿದರೆ ಹೇಳಲು ಏನೂ ಉಳಿದಿರುವುದಿಲ್ಲ.

ಒಂದು ಸಾಲಿನ ಆಜ್ಞೆಯೊಳಗೆ

ಅಳಿಸಲೇಬೇಕಾದ ಕಡೆಯೂ ಆ ಒಂದು ಸಾಲು ಎಷ್ಟು ಕೈಕೊಡಬಲ್ಲದು ಎಂಬುದನ್ನು ಹತ್ತಿರದಿಂದ ನೋಡಬೇಕು. ಯಾವ ಸಾಲು ಎಂದು ಹೇಳುವ ವೇರ್ ಬಿಟ್ಟರೆ ಇಡೀ ಟೇಬಲ್ ಖಾಲಿ ಎಂಬುದು ಎಲ್ಲರಿಗೂ ಗೊತ್ತು, ಯಾರೂ ಬೇಕೆಂದು ಹಾಗೆ ಬರೆಯುವುದಿಲ್ಲ. ಆದರೆ ಕೋಡ್ ಬರೆಯುತ್ತದೆ. ಊರು ತುಂಬಿದ್ದರೆ ಊರಿನ ಷರತ್ತು ಸೇರಿಸು, ದಿನಾಂಕ ತುಂಬಿದ್ದರೆ ದಿನಾಂಕದ ಷರತ್ತು ಸೇರಿಸು ಎಂದು ವಾಕ್ಯ ಕಟ್ಟುವ ಫಂಕ್ಷನ್‌ಗಳಿರುತ್ತವೆ. ಹುಡುಕುವ ಪರದೆಗೆ ಅದು ಸರಿ. ಏನೂ ತುಂಬದಿದ್ದರೆ ಎಲ್ಲ ಸಾಲು ತೋರಿಸುತ್ತದೆ. ಅದೇ ಫಂಕ್ಷನ್ನನ್ನು ಯಾರೋ ಅಳಿಸುವುದಕ್ಕೂ ಬಳಸಿರುತ್ತಾರೆ. ಏನೂ ತುಂಬದೆ ಒತ್ತಿದರೆ ಎಲ್ಲವೂ ಹೋಗುತ್ತದೆ. ಪ್ಯಾರಾಮೀಟರ್ (ಪರದೆಯಲ್ಲಿ ತುಂಬಿದ್ದನ್ನು ಆಜ್ಞೆಗೆ ಬೆರೆಸದೆ ಬೇರೆಯಾಗಿ ಕಳಿಸುವ ಕ್ರಮ) ಬಳಸಿದರೆ ಇದು ನಿಲ್ಲುವುದಿಲ್ಲ. ಪ್ಯಾರಾಮೀಟರ್ ತಡೆಯುವುದು ಬೇರೆಯದನ್ನು: ಸಂಖ್ಯೆ ಬರೆಯಬೇಕಾದ ಜಾಗದಲ್ಲಿ ಯಾರಾದರೂ ‘1 ಆರ್ 1=1’ ಎಂದು (ಆರ್ ಎಂದರೆ ಅಥವಾ; 1=1 ಯಾವಾಗಲೂ ನಿಜ) ಹೊಡೆದು ಷರತ್ತನ್ನೇ ಮುರಿಯುವುದನ್ನು. ಕಂಪ್ಯೂಟರ್ ಭದ್ರತಾ ತಜ್ಞ ಜೆಫ್ ಫಾರಿಸ್ಟಲ್ ಇಂಥ ದಾರಿಯನ್ನು ಬರೆದು ತೋರಿಸಿದ್ದು 1998ರಲ್ಲಿ. ಇವತ್ತಿಗೂ ಟೆಕ್ಸ್ಟ್‌ಬಾಕ್ಸಿನ ಅಕ್ಷರವನ್ನು ನೇರ ಆಜ್ಞೆಗೆ ಜೋಡಿಸುವ ಕೋಡ್ ನನ್ನ ಕೈಗೆ ಬರುತ್ತಲೇ ಇದೆ.

ಇನ್ನೊಂದು ಬಲೆ ಇದೆ, ಕಣ್ಣಿಗೆ ಬೀಳುವುದೇ ಕಷ್ಟ. ಈ ವಾಕ್ಯ ನೋಡಿ:

ಡಿಲೀಟ್ ಫ್ರಮ್ ಹಮಾಲಿ ವೇರ್ ಪಟ್ಟಿ_ಸಂಖ್ಯೆ ಇನ್ (ಸೆಲೆಕ್ಟ್ ಪಟ್ಟಿ_ಸಂಖ್ಯೆ ಫ್ರಮ್ ರದ್ದು)

ರದ್ದು ಟೇಬಲ್‌ನಲ್ಲಿರುವ ಪಟ್ಟಿಗಳ ಹಮಾಲಿ ಮಾತ್ರ ಹೋಗಲಿ ಎಂಬುದು ಬರೆದವರ ಮನಸ್ಸು. ಆದರೆ ರದ್ದು ಟೇಬಲ್‌ನಲ್ಲಿ ಆ ಕಾಲಮ್ಮಿನ ಹೆಸರು ಬರೀ ‘ಸಂಖ್ಯೆ’ ಎಂದಿದ್ದರೆ? ಅಂಥ ಕಾಲಮ್ ಇಲ್ಲ ಎಂದು ಎರರ್ ಬರುತ್ತದೆ ಅಂದುಕೊಳ್ಳುತ್ತೇವೆ. ಬರುವುದಿಲ್ಲ. ಒಳಗಿನ ಸೆಲೆಕ್ಟ್‌ಗೆ ತನ್ನ ಟೇಬಲ್‌ನಲ್ಲಿ ಆ ಹೆಸರು ಸಿಗದಿದ್ದರೆ ಅದು ಹೊರಗಿನ ಹಮಾಲಿ ಟೇಬಲ್‌ನಿಂದ ತೆಗೆದುಕೊಳ್ಳುತ್ತದೆ. ಎಸ್‌ಕ್ಯೂಎಲ್ ನಿಯಮದ ಪ್ರಕಾರ ಇದು ಸರಿಯಾದ ನಡವಳಿಕೆಯೇ. ಆಗ ಪ್ರತಿ ಸಾಲಿನ ಸಂಖ್ಯೆಯನ್ನೂ ಅದರ ಜೊತೆಗೇ ಹೋಲಿಸಿದಂತಾಗಿ, ರದ್ದು ಟೇಬಲ್‌ನಲ್ಲಿ ಒಂದೇ ಒಂದು ಸಾಲಿದ್ದರೂ ಸಾಕು, ಇಡೀ ಹಮಾಲಿ ಟೇಬಲ್ ಖಾಲಿ. ಕಾಲಮ್ಮಿನ ಹಿಂದೆ ಟೇಬಲ್ ಹೆಸರು ಸೇರಿಸಿ ‘ರದ್ದು.ಪಟ್ಟಿ_ಸಂಖ್ಯೆ’ ಎಂದು ಬರೆದಿದ್ದರೆ ಎರರ್ ಬಂದು ಅಲ್ಲೇ ನಿಲ್ಲುತ್ತಿತ್ತು. ಇದರ ತಿರುವುಮುರುವೂ ಇದೆ: ನಾಟ್ ಇನ್ (ಅದರಲ್ಲಿ ಇಲ್ಲದ್ದು) ಬಳಸಿ, ಒಳಗಿನ ಫಲಿತಾಂಶದಲ್ಲಿ ಎಲ್ಲೋ ಒಂದು ನಲ್ (ಏನೂ ತುಂಬದ ಜಾಗ) ಸೇರಿದ್ದರೆ ಒಂದು ಸಾಲೂ ಅಳಿಯುವುದಿಲ್ಲ, ಅದೂ ಸದ್ದಿಲ್ಲದೆ.

ಇವೆರಡನ್ನೂ ಹಿಡಿಯಲು ದೊಡ್ಡ ವಿದ್ಯೆ ಬೇಡ. ಆಜ್ಞೆ ನಡೆದ ಮೇಲೆ ಎಷ್ಟು ಸಾಲು ಹೋದವು ಎಂಬ ಎಣಿಕೆಯನ್ನು ಡೇಟಾಬೇಸ್ ವಾಪಸ್ ಕೊಡುತ್ತದೆ. ಡಾಟ್ ನೆಟ್‌ನ ಎಕ್ಸಿಕ್ಯೂಟ್‌ನಾನ್‌ಕ್ವೆರಿ, ಜಾವಾದ ಎಕ್ಸಿಕ್ಯೂಟ್‌ಅಪ್‌ಡೇಟ್, ಪಿಎಚ್‌ಪಿಯ ರೋಕೌಂಟ್ ಎಲ್ಲ ಹೇಳುವುದು ಅದನ್ನೇ. ನಾನು ನೋಡಿದ ಕೋಡ್‌ನಲ್ಲಿ ಹೆಚ್ಚಿನವರು ಆ ಅಂಕಿಯನ್ನು ಕೈಗೆ ತೆಗೆದುಕೊಳ್ಳುವುದೇ ಇಲ್ಲ. ಒಂದೇ ಸಾಲು ಅಳಿಸಬೇಕಾದಾಗ ಟ್ರಾನ್ಸಾಕ್ಷನ್ ಶುರು ಮಾಡಿ, ಅಳಿಸಿ, ಎಣಿಕೆ 1 ಇದ್ದರೆ ಕಮಿಟ್ (ಖಾಯಂ), ಬೇರೆ ಏನಿದ್ದರೂ ರೋಲ್‌ಬ್ಯಾಕ್ (ಮೊದಲಿದ್ದಂತೆ ವಾಪಸ್). ಸೊನ್ನೆ ಬಂದರೂ ರೋಲ್‌ಬ್ಯಾಕ್, ಯಾಕೆಂದರೆ ಪಕ್ಕದ ಕಂಪ್ಯೂಟರ್‌ನವರು ಅದನ್ನು ಆಗಲೇ ಮುಟ್ಟಿದ್ದಾರೆ ಎಂದರ್ಥ. ಒಂದು ಎಚ್ಚರಿಕೆ: ಫಾರಿನ್ ಕೀ ಕ್ಯಾಸ್ಕೇಡ್‌ನಿಂದ (ಮೂಲ ಸಾಲು ಅಳಿದರೆ ಅದಕ್ಕೆ ಕಟ್ಟಿದವೂ ತಾವಾಗಿ ಅಳಿಯುವ ಏರ್ಪಾಡಿನಿಂದ) ಹಿಂದೆಯೇ ಹೋದ ಸಾಲುಗಳು ಈ ಎಣಿಕೆಗೆ ಬರುವುದಿಲ್ಲ. ಒಬ್ಬ ರೈತರ ಖಾತೆ ಅಳಿಸಿದರೆ ‘1’ ಎಂದೇ ಬರುತ್ತದೆ. ಅದರೊಂದಿಗೆ ಅವರ ಹತ್ತು ವರ್ಷದ ಪಟ್ಟಿಗಳು ಹೋಗಿದ್ದರೂ ಅಷ್ಟೇ. ಹಾಗಾಗಿ ರೈತರಿಂದ ಪಟ್ಟಿಗೆ ಕ್ಯಾಸ್ಕೇಡ್ ಹಾಕಲೇಬಾರದು ಎಂದು ನಾನು ಹಟ ಹಿಡಿಯುತ್ತೇನೆ. ಇನ್ನೂ ಪ್ರಿಂಟ್ ಆಗದ ಕರಡು ಪಟ್ಟಿ, ಅದರ ಒಳಗಿನ ಚೀಲದ ಸಾಲುಗಳು, ಇವುಗಳ ನಡುವೆ ಇರಲಿ, ಅಡ್ಡಿಯಿಲ್ಲ.

ಸಾವ್ಕಾರರ ಅನುಮಾನ

ಆ ಅಂಗಡಿಯ ಸಾಫ್ಟ್‌ವೇರ್ ತಿದ್ದಲು ಕೂತಾಗ ಮೊದಲು ಒಪ್ಪದಿದ್ದವರು ಅಂಗಡಿಯ ಮಾಲೀಕರಾದ ಸಾವ್ಕಾರರೇ. ರದ್ದಾದ ಪಟ್ಟಿಗಳು ರದ್ದು ಎಂದು ನಮೂದಾಗಿ ಉಳಿದರೆ, ಲೆಕ್ಕ ನೋಡಲು ಬಂದವರು ಇವರೇನೋ ಮುಚ್ಚಿಡುತ್ತಿದ್ದಾರೆ ಅಂದುಕೊಂಡಾರು ಎಂಬ ಅಳುಕು. “ತಪ್ಪು ಆಗಿದ್ದು ಕಣ್ಣಿಗೇ ಬೀಳಬಾರ್ದು ನೋಡು ತಮ್ಮಾ, ಪುಸ್ತಕ ಸ್ವಚ್ಛ ಇರಬೇಕು,” ಅಂದರು. ನಾನು ಟೇಬಲ್, ಕಾಲಮ್ ಎಂದು ಏನೋ ವಿವರಿಸಲು ಹೊರಟೆ. ಕಾಕಾ ಕೈ ಅಡ್ಡ ಹಿಡಿದರು. “ಸಾವ್ಕಾರ್ರ, ನಲ್ವತ್ತೊಂದು ಆದ ಮ್ಯಾಲ ನಲ್ವತ್ತಮೂರು ಬಂತಂದ್ರ ನಡುವಿಂದು ಎಲ್ಲಿ ಅಂತ ಕೇಳೇ ಕೇಳ್ತಾರ. ನಲ್ವತ್ತೆರಡು ರದ್ದು, ತೂಕ ತಪ್ಪಿತ್ತು, ಬದಲಿ ಐವತ್ತರಾಗ ಅದ ಅಂತ ಬರದಿದ್ರ ಯಾರೂ ಕೇಳೂದಿಲ್ಲ.” ಸಾವ್ಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೇ ಮಾಡು ಅಂದರು.

ಹಾಗೇ ಮಾಡಿದೆವು. ಪಟ್ಟಿಯ ಪರದೆಯಿಂದ ಡಿಲೀಟ್ ಬಟನ್ ತೆಗೆದು ರದ್ದು ಎಂಬ ಬಟನ್ ಹಾಕಿದೆ. ಒತ್ತಿದರೆ ಕಾರಣ ಆರಿಸಬೇಕು, ಆರಿಸದೆ ಮುಂದೆ ಹೋಗದು. ರದ್ದಿನ ಟೇಬಲ್‌ಗೆ ಪಟ್ಟಿ ಸಂಖ್ಯೆ, ಕಾರಣ, ಯಾರು, ಯಾವಾಗ, ಬದಲಿ ಪಟ್ಟಿಯ ಸಂಖ್ಯೆ ಸೇರುತ್ತವೆ. ಹಮಾಲಿ, ಮುಂಗಡ ಇವಕ್ಕೆ ತಿರುವು ನಮೂದು (ಹಳೆಯ ಮೊತ್ತವನ್ನು ವಜಾ ಮಾಡುವ ಎದುರು ನಮೂದು) ಬೀಳುತ್ತದೆ, ಮೂಲ ಸಾಲು ಅಲುಗುವುದಿಲ್ಲ. ಪಟ್ಟಿ ಸಂಖ್ಯೆಯನ್ನು ಪ್ರೈಮರಿ ಕೀಯಿಂದ ಬಿಡಿಸಿ ಅದಕ್ಕೇ ಬೇರೆ ಸರಣಿ ಮಾಡಿದೆ, ಒಮ್ಮೆ ಕೊಟ್ಟ ಅಂಕಿ ಮರಳಿ ಬರುವಂತಿಲ್ಲ.

ಎಲ್ಲರೂ ಮಾಡುವಂತೆ ಪ್ರತಿ ಟೇಬಲ್‌ಗೂ ‘ಅಳಿಸಿದೆ’ ಎಂಬ ಒಂದು ಕಾಲಮ್ ಸೇರಿಸಿ ಸುಮ್ಮನಾಗಬಹುದಿತ್ತು. ನನಗೆ ಅದು ಒಗ್ಗುವುದಿಲ್ಲ. ಆ ಕಾಲಮ್ ಬಂದ ದಿನದಿಂದ ಪ್ರತಿ ಸೆಲೆಕ್ಟ್‌ನಲ್ಲೂ ಆ ಷರತ್ತು ನೆನಪಿಟ್ಟು ಬರೆಯಬೇಕು. ಹತ್ತು ವರದಿಗಳಲ್ಲಿ ಒಂದರಲ್ಲಿ ಮರೆತರೆ ಸಾಕು, ಎರಡು ವರದಿಯ ಮೊತ್ತ ತಾಳೆಯಾಗದೆ ಮುನೀಮರು ರಾತ್ರಿಯಿಡೀ ಕೂಡಿಸುತ್ತ ಕೂರುತ್ತಾರೆ. ಯುನೀಕ್ ಇಂಡೆಕ್ಸ್ (ಒಂದೇ ಅಂಕಿ ಎರಡು ಸಲ ಬರದಂತೆ ತಡೆಯುವ ಏರ್ಪಾಡು) ಇರುವ ಕಡೆ ಇನ್ನೊಂದು ತೊಡಕು. ಅಳಿಸಿದ ಖಾತೆಯ ಸಂಖ್ಯೆ ಜಾಗ ಹಿಡಿದೇ ಇರುತ್ತದೆ, ಹೊಸಬರಿಗೆ ಕೊಡಲು ಹೋದರೆ ತಿರಸ್ಕಾರ. ಪೋಸ್ಟ್‌ಗ್ರೆಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಎರಡರಲ್ಲೂ, ಅಳಿಸದ ಸಾಲುಗಳಿಗಷ್ಟೇ ಅನ್ವಯಿಸುವ ಭಾಗಶಃ ಇಂಡೆಕ್ಸ್‌ನಿಂದ ಇದನ್ನು ದಾಟಬಹುದು, ಮೈಎಸ್‌ಕ್ಯೂಎಲ್‌ನಲ್ಲಿ ಆ ಸೌಲಭ್ಯ ಇಲ್ಲ. ಇದಕ್ಕಿಂತ ದೊಡ್ಡ ತಕರಾರು ಎಂದರೆ, ಆ ಕಾಲಮ್ ಕಾರಣ ಹೇಳುವುದಿಲ್ಲ.

ಕೊನೆಗೆ ಬಾಗಿಲಿಗೇ ಬೀಗ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಇರುವ ಕಡೆ ಸಾಫ್ಟ್‌ವೇರ್ ಬಳಸುವ ಡೇಟಾಬೇಸ್ ಯೂಸರ್‌ಗೆ ಪಟ್ಟಿ ಟೇಬಲ್ ಮೇಲೆ ಡಿಲೀಟ್ ಅನುಮತಿಯನ್ನೇ ಕೊಡುವುದಿಲ್ಲ. ಯಾರು ಎಂಥ ಕೋಡ್ ಬರೆದರೂ ಆಜ್ಞೆ ನಡೆಯದು. ಎಸ್‌ಕ್ಯೂಲೈಟ್‌ನಲ್ಲಿ ಯೂಸರ್, ಅನುಮತಿ ಎಂಬುದಿಲ್ಲ. ಅಲ್ಲಿ ಬಿಫೋರ್ ಡಿಲೀಟ್ ಟ್ರಿಗರ್ (ಅಳಿಸುವ ಮುನ್ನ ತಾನಾಗಿ ಓಡುವ ಕೋಡ್) ಬರೆದು ಅದರೊಳಗೆ ಆಜ್ಞೆಯನ್ನು ಅಲ್ಲೇ ನಿಲ್ಲಿಸುವ ರೈಸ್ ಅಬಾರ್ಟ್ ಇಡಬೇಕು. ಆದರೂ ಒಂದು ಸಂದಿ ಉಳಿಯುತ್ತದೆ. ‘ಇನ್‌ಸರ್ಟ್ ಆರ್ ರಿಪ್ಲೇಸ್’ ಬರೆದರೆ ಎಸ್‌ಕ್ಯೂಲೈಟ್ ಹಳೆಯ ಸಾಲನ್ನು ಒಳಗೊಳಗೇ ಅಳಿಸಿ ಹೊಸದನ್ನು ಇಡುತ್ತದೆ, ರಿಕರ್ಸಿವ್ ಟ್ರಿಗರ್ಸ್ ಎಂಬ ಸೆಟ್ಟಿಂಗ್ ಆನ್ ಇರದಿದ್ದರೆ ಆ ಅಳಿಸುವಿಕೆಗೆ ಡಿಲೀಟ್ ಟ್ರಿಗರ್ ಏಳುವುದಿಲ್ಲ. ಕೋಡ್‌ನಲ್ಲಿ ಡಿಲೀಟ್ ಪದವನ್ನು ಮಾತ್ರ ಹುಡುಕಿದರೆ ಇದು ಸಿಗುವುದೂ ಇಲ್ಲ.

ನಿಜಕ್ಕೂ ಹೋಗಬೇಕಾದದ್ದು

ಇಷ್ಟು ಓದಿ ಇವನು ಏನನ್ನೂ ಅಳಿಸಬಾರದು ಅನ್ನುತ್ತಿದ್ದಾನೆ ಎಂದುಕೊಳ್ಳಬೇಡಿ. ಅಂಗಡಿಗಳ ಕಂಪ್ಯೂಟರ್‌ನಲ್ಲಿ ರೈತರ ಆಧಾರ್ ಕಾರ್ಡಿನ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮನೆಯವರ ಫೋನ್ ಸಂಖ್ಯೆ ರಾಶಿ ಬಿದ್ದಿವೆ. ಒಮ್ಮೆ ರೊಕ್ಕ ಹಾಕಲು ಕೇಳಿದ್ದು, ಆಮೇಲೆ ಯಾರೂ ತೆಗೆದಿಲ್ಲ. ರೈತರು ಆ ಅಂಗಡಿಗೆ ಬರುವುದು ಬಿಟ್ಟು ಎಷ್ಟೋ ಸುಗ್ಗಿ ಕಳೆದಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ತನ್ನ ಮಾಹಿತಿ ಅಳಿಸಿ ಎಂದು ಕೇಳುವ ಹಕ್ಕನ್ನು ಹೇಳುತ್ತದೆ, ಪಡೆದ ಉದ್ದೇಶಕ್ಕೆ ಅಥವಾ ಬೇರೆ ಕಾನೂನಿಗಾಗಿ ಇಟ್ಟುಕೊಳ್ಳಲೇಬೇಕಾದದ್ದನ್ನು ಬಿಟ್ಟು. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಬೇಕು. ಆದರೆ ಲೆಕ್ಕ ಉಳಿಯಲು ಆಧಾರ್ ಫೋಟೊ ಬೇಕಿಲ್ಲ. ಪಟ್ಟಿಗೆ ಬೇಕಾದ ಹೆಸರು, ಊರು ಒಂದು ಟೇಬಲ್‌ನಲ್ಲಿ, ಉಳಿದ ಖಾಸಗಿ ವಿವರ ಇನ್ನೊಂದರಲ್ಲಿ ಇದ್ದರೆ ಒಂದನ್ನು ಕಾಯಬಹುದು, ಇನ್ನೊಂದನ್ನು ತೆಗೆಯಬಹುದು. ಎರಡೂ ಒಂದೇ ಟೇಬಲ್‌ನಲ್ಲಿ ಕಲಸಿಹೋಗಿರುವುದರಿಂದಲೇ, ಅಳಿಸಬಾರದ್ದು ಹೋಗುತ್ತದೆ, ಹೋಗಬೇಕಾದದ್ದು ಉಳಿಯುತ್ತದೆ.

ಇಲ್ಲಿ ಡಿಲೀಟ್ ಬರೆದರೆ ಮುಗಿಯಿತು ಎಂದೂ ಇಲ್ಲ. ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ಅಳಿಸಿದ ಜಾಗವನ್ನು ಖಾಲಿ ಎಂದು ಗುರುತಿಸುತ್ತದೆ ಅಷ್ಟೇ, ಅಕ್ಷರಗಳು ಫೈಲಿನಲ್ಲೇ ಇರಬಹುದು. ಸೆಕ್ಯೂರ್ ಡಿಲೀಟ್ ಪ್ರಾಗ್ಮಾ ಹಾಕಿದರೆ ಸೊನ್ನೆ ತುಂಬುತ್ತದೆ, ವ್ಯಾಕ್ಯೂಮ್ ನಡೆಸಿದರೆ ಫೈಲನ್ನೇ ಹೊಸದಾಗಿ ಕಟ್ಟುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿಯೂ ಅಳಿಸಿದ ಸಾಲು ವ್ಯಾಕ್ಯೂಮ್ ಬರುವ ತನಕ ತನ್ನ ಜಾಗದಲ್ಲೇ ಬಿದ್ದಿರುತ್ತದೆ. ಫೋಟೊಗಳದ್ದು ಇನ್ನೂ ಬೇರೆ ಕಥೆ. ಟೇಬಲ್‌ನಲ್ಲಿರುವುದು ಫೋಟೊ ಎಲ್ಲಿದೆ ಎಂಬ ವಿಳಾಸ ಮಾತ್ರ, ಸಾಲು ಹೋದರೂ ಫೋಲ್ಡರ್‌ನಲ್ಲಿ ಆಧಾರ್ ಕಾರ್ಡ್ ಹಾಗೇ ಕೂತಿರುತ್ತದೆ. ನಾನು ಮೊದಲು ಫೈಲ್ ತೆಗೆದು, ತೆಗೆದದ್ದು ಖಾತ್ರಿಯಾದ ಮೇಲೆ ಸಾಲು ಅಳಿಸುತ್ತೇನೆ. ನಡುವೆ ಕರೆಂಟ್ ಹೋದರೆ ವಿಳಾಸ ಉಳಿದಿರುತ್ತದೆ, ಮತ್ತೆ ಪ್ರಯತ್ನಿಸಬಹುದು.

ಆಮೇಲೆ ಬ್ಯಾಕಪ್. ಹೋದ ತಿಂಗಳ ಬ್ಯಾಕಪ್ ಏರಿಸಿದರೆ ಅಳಿಸಿದವರೆಲ್ಲ ಎದ್ದು ಬರುತ್ತಾರೆ. ಇದಕ್ಕೆ ಅಳಿಸಿದ ಖಾತೆಗಳ ಸಂಖ್ಯೆಯನ್ನಷ್ಟೇ ಒಂದು ಪ್ರತ್ಯೇಕ ಫೈಲಿನಲ್ಲಿ, ಬ್ಯಾಕಪ್‌ನ ಹೊರಗೆ ಇಟ್ಟಿದ್ದೇನೆ. ಹಳೆಯ ಪ್ರತಿ ಏರಿಸಿದ ಕೂಡಲೇ, ಹುಡುಗ ಪರದೆ ತೆರೆಯುವ ಮೊದಲೇ, ಆ ಫೈಲ್ ಓದಿ ಅವನ್ನು ಮತ್ತೆ ಅಳಿಸುವ ಕೆಲಸ ನಡೆಯುತ್ತದೆ. ಸರ್ವರ್ ಮೇಲಿನ ಬ್ಯಾಕಪ್‌ಗಳಿಗೆ ಇದು ಸಾಕು. ಆದರೆ ದಿನ ಮುಗಿದ ಮೇಲೆ ಸಾವ್ಕಾರರು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಮನೆಗೆ ಒಯ್ಯುವ ಪ್ರತಿಗಳಿವೆ, ಕಪಾಟಿನಲ್ಲಿ ಎಷ್ಟಿವೆಯೋ ಅವರಿಗೂ ನೆನಪಿಲ್ಲ. ಮೊದಲು ಅವುಗಳನ್ನು ಒಂದು ಕಡೆ ತರಿಸಿ, ಬೇಡವಾದದ್ದನ್ನು ಅಳಿಸಿ, ಉಳಿದದ್ದಕ್ಕೆ ಪಾಸ್‌ವರ್ಡ್ ಹಾಕಬೇಕು. ಈ ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಕೂರೋಣ ಎಂದು ಕಾಕಾ ಹೇಳಿದ್ದಾರೆ.